ನಡುಮನೆಯ ಪಿಸಿಯ ಹಾಡನ್ನು ಕಣದಲ್ಲಿ ನಿಂತು ಬದಲಿಸುವುದು: ಎಂಪಿಡಿ (ಪಿಸಿಯಲ್ಲಿ ಹಾಡು ಓಡಿಸುವ ತಂತ್ರಾಂಶ) ಕೂರಿಸಿದ ಕೆಲಸದ ದಾಖಲೆ

ಜಾಗ: ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆ ಹೋಗುವ ದಾರಿಯಲ್ಲಿ ಒಂದು ಹೆಂಚಿನ ಮನೆ. ನಡುಮನೆಯಲ್ಲಿ ಹಳೆಯ ಆಂಪ್ (ಆಂಪ್ಲಿಫೈಯರ್) ಮತ್ತು ಒಂದು ಜೊತೆ ಸ್ಪೀಕರ್, ಜಗಲಿಗೆ ಇನ್ನೊಂದು ಆಂಪ್, ಇನ್ನೊಂದು ಜೊತೆ. ಹಾಡುಗಳೆಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿವೆ. ಹಾಡು ಪಿಸಿಯಲ್ಲೇ ಓಡಬೇಕು, ಸದ್ದು ಆಂಪ್‌ನಿಂದಲೇ ಬರಬೇಕು. ಮನೆಯವರು ಯಾರೇ ಆಗಲಿ ತಮ್ಮ ಫೋನಿನಿಂದ ಹಾಡು ಬದಲಿಸಲು, ನಿಲ್ಲಿಸಲು, ಸದ್ದು ಏರಿಸಿ ಇಳಿಸಲು ಆಗಬೇಕು. ಇದರ ಮೇಲೆ ಒಂದು ಷರತ್ತು: ಕರೆಂಟ್ ಹೋಗಿ ಬಂದ ಮೇಲೆ ಯಾರೂ ಪಿಸಿಯ ಹತ್ತಿರ ಹೋಗಿ ಏನನ್ನೂ ಒತ್ತುವಂತಿರಬಾರದು.

ಫೋನಿಗೆ ಆಪ್ ಹಾಕುವುದು ಐದು ನಿಮಿಷದ ಕೆಲಸ. ಮಿಕ್ಕ ಶ್ರಮವೆಲ್ಲ ಆ ಷರತ್ತಿಗಾಗಿ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯುವ ಊರಿನಲ್ಲಿ, ಬಿಸಿಲ ದಿನ ಚೆನ್ನಾಗಿ ಓಡಿತು ಅಂದಮಾತ್ರಕ್ಕೆ ಕೆಲಸ ಮುಗಿದ ಹಾಗಲ್ಲ.

ಸೆಟ್ಟಿಂಗ್ ಮತ್ತು ಆಜ್ಞೆಗಳ ಹೆಸರನ್ನು ಕೆಳಗೆ ಕನ್ನಡ ಲಿಪಿಯಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ, ಬೇರೆ ಎಂದು ಹೇಳಿದ್ದಲ್ಲಿ ಬಿಟ್ಟು. ಅಂಡರ್‌ಸ್ಕೋರ್ ಇರುವಲ್ಲಿ ಇಲ್ಲೂ ಹಾಗೇ ಹಾಕಿದೆ.

ಖರ್ಚು

ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್ (ಐ3, 4 ಜಿಬಿ ರ‍್ಯಾಮ್): 4,500 ರೂ.
120 ಜಿಬಿ ಎಸ್‌ಎಸ್‌ಡಿ: 1,300 ರೂ.
ಯುಎಸ್‌ಬಿ ಸೌಂಡ್ ಕಾರ್ಡ್: 350 ರೂ.
3.5 ಎಂಎಂ ಪಿನ್‌ನಿಂದ ಆರ್‌ಸಿಎಗೆ ಹೋಗುವ ಕೇಬಲ್, ಎರಡು: 300 ರೂ.
ಕ್ಯಾಟ್6 ಕೇಬಲ್ 20 ಮೀಟರ್: 500 ರೂ.
1.5 ಚದರ ಎಂಎಂ ಜೋಡಿ ವೈರ್, 15 ಮೀಟರಿನ ಎರಡು ತುಂಡು: 1,200 ರೂ.
ಗ್ರೌಂಡ್ ಲೂಪ್ ಐಸೋಲೇಟರ್: 350 ರೂ.
ಸಿಆರ್2032 ಬ್ಯಾಟರಿ: 40 ರೂ.
ಒಟ್ಟು 8,540 ರೂ. ಆಂಪ್, ಸ್ಪೀಕರ್, ಹಾಡಿನ ಹಾರ್ಡ್ ಡಿಸ್ಕ್, ರೂಟರ್ ಮೊದಲೇ ಇದ್ದವು.

ಮೊದಲು ಹಾಕಿ ನೋಡಿ ಬಿಟ್ಟಿದ್ದು

ಬ್ಲೂಟೂತ್: ಇದರಲ್ಲಿ ಸದ್ದೇ ಫೋನಿನಿಂದ ಹೊರಡುತ್ತದೆ. ಫೋನ್ ಹಿಡಿದು ಕಣಕ್ಕೆ ಇಳಿದರೆ ಹಾಡು ತುಂಡಾಗುತ್ತದೆ, ಕಾಲ್ ಬಂದರೆ ಹಾಡು ನಿಲ್ಲುತ್ತದೆ, ಒಬ್ಬರ ಫೋನ್ ಜೋಡಿಯಾಗಿದ್ದರೆ ಇನ್ನೊಬ್ಬರು ಕಾಯಬೇಕು. ಈ ಕೆಲಸಕ್ಕೆ ಹೊಂದಲಿಲ್ಲ.

ಫೋನನ್ನು ಮೌಸ್ ಮಾಡುವ ಆಪ್‌ಗಳು: ಪರದೆ ಕಾಣದ ಜಾಗದಿಂದ ಮೌಸ್ ಆಡಿಸಿ ಪ್ರಯೋಜನವಿಲ್ಲ.

ವಿಎಲ್‌ಸಿಯ ವೆಬ್ ಇಂಟರ್‌ಫೇಸ್: ವಿಂಡೋಸ್ ಪಿಸಿ ಇಟ್ಟುಕೊಂಡವರು ಇವತ್ತು ಸಂಜೆಯೇ ಮಾಡಿಕೊಳ್ಳಬಹುದಾದದ್ದು ಇದು. ಟೂಲ್ಸ್‌ನಲ್ಲಿ ಪ್ರಿಫರೆನ್ಸಸ್ ತೆರೆದು, ಕೆಳಗೆ ಎಡಗಡೆ ಶೋ ಸೆಟ್ಟಿಂಗ್ಸ್ ಎಂಬಲ್ಲಿ ಆಲ್ ಆರಿಸಿ. ಇಂಟರ್‌ಫೇಸ್‌ನ ಒಳಗೆ ಮೇನ್ ಇಂಟರ್‌ಫೇಸಸ್‌ನಲ್ಲಿ ವೆಬ್‌ಗೆ ಟಿಕ್ ಹಾಕಿ. ಅದರ ಕೆಳಗೇ ಲುವಾ ಎಂಬಲ್ಲಿ ಎಚ್‌ಟಿಟಿಪಿ ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಖಾಲಿ ಬಿಟ್ಟರೆ ಒಳಗೆ ಬಿಡುವುದೇ ಇಲ್ಲ. ವಿಎಲ್‌ಸಿ ಮುಚ್ಚಿ ತೆರೆದು, ಫೋನಿನ ಬ್ರೌಸರ್‌ನಲ್ಲಿ ಪಿಸಿಯ ಐಪಿ ವಿಳಾಸ, ಕೋಲನ್, 8080 ಎಂದು ಹೊಡೆಯಿರಿ. ಯೂಸರ್‌ನೇಮ್ ಖಾಲಿ ಇರಲಿ. ಪುಟ ತೆರೆಯದಿದ್ದರೆ ವಿಂಡೋಸ್ ಫೈರ್‌ವಾಲ್ ನೋಡಿ: ಮನೆಯ ವೈಫೈ ಪಬ್ಲಿಕ್ ಎಂದು ಗುರುತಾಗಿದ್ದರೆ ಪ್ರೈವೇಟ್ ಮಾಡಿ, ವಿಎಲ್‌ಸಿಗೆ ಅನುಮತಿ ಕೊಡಿ. ಇದನ್ನು ಬಿಟ್ಟದ್ದಕ್ಕೆ ಕಾರಣ, ಕರೆಂಟ್ ಬಂದ ಮೇಲೆ ಯಾರಾದರೂ ಲಾಗಿನ್ ಆಗಿ ವಿಎಲ್‌ಸಿ ತೆರೆಯಬೇಕು.

ಕೆಡಿಇ ಕನೆಕ್ಟ್: ದಿನವೂ ಕೂತು ಕೆಲಸ ಮಾಡುವ ಪಿಸಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಯಾವ ಪ್ಲೇಯರ್ ಓಡುತ್ತಿದ್ದರೂ ಫೋನಿನಲ್ಲಿ ಅದರ ಗುಂಡಿಗಳು ಬರುತ್ತವೆ, ಬ್ರೌಸರ್‌ನಲ್ಲಿ ಓಡುವ ಹಾಡೂ ಸೇರಿ. ಕಾಲ್ ಬಂದಾಗ ಪಿಸಿಯ ಹಾಡು ತಾನೇ ನಿಲ್ಲುವ ಹಾಗೆ ಮಾಡಬಹುದು. ಫೈರ್‌ವಾಲ್‌ನಲ್ಲಿ 1714ರಿಂದ 1764ರವರೆಗಿನ ಪೋರ್ಟ್‌ಗಳನ್ನು ಟಿಸಿಪಿ, ಯುಡಿಪಿ ಎರಡಕ್ಕೂ ತೆರೆಯಬೇಕು. ಒಂದನ್ನೇ ತೆರೆದರೆ ಫೋನಿಗೆ ಪಿಸಿ ಸಿಗದೆ ಸತಾಯಿಸುತ್ತದೆ. ಇದೂ ಲಾಗಿನ್ ಆದ ಮೇಲಷ್ಟೇ ಎಚ್ಚರಾಗುವಂಥದ್ದು.

ಉಳಿದದ್ದು ಎಂಪಿಡಿ, ಅಂದರೆ ಮ್ಯೂಸಿಕ್ ಪ್ಲೇಯರ್ ಡೀಮನ್. ಪರದೆ ಬೇಡ, ಲಾಗಿನ್ ಬೇಡ, ಪಿಸಿ ಎದ್ದರೆ ತಾನೂ ಏಳುತ್ತದೆ. ಫೋನ್ ಬರೀ ರಿಮೋಟ್. ಫೋನ್ ಆಫ್ ಆದರೂ ಹಾಡು ಓಡುತ್ತಲೇ ಇರುತ್ತದೆ.

ಹಂತ 1: ಪಿಸಿಯನ್ನು ನಂಬುವಂತೆ ಮಾಡುವುದು

ಸೆಕೆಂಡ್ ಹ್ಯಾಂಡ್ ಪಿಸಿ ತಂದ ಕೂಡಲೇ ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಒರೆಸಿ, ಪುಡಿ ಊದಿ, ಮತ್ತೆ ಕೂರಿಸಿ. ಮಲೆನಾಡಿನ ತೇವಕ್ಕೆ ಅಲ್ಲಿ ಪದರ ಕಟ್ಟುತ್ತದೆ. ಪಿಸಿ ಬೀಪ್ ಹೊಡೆದು ಪರದೆ ಬಾರದಿದ್ದರೆ ಹೆಚ್ಚಿನ ಸಲ ಇದೇ ಕಾರಣ.

ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿಯನ್ನು ಕೇಳದೆ ಬದಲಿಸಿ. ಹೊಸದರಲ್ಲಿ 3 ವೋಲ್ಟ್ ಇರುತ್ತದೆ. ಅದು ಸತ್ತಿದ್ದರೆ ಕರೆಂಟ್ ಹೋದ ಪ್ರತಿ ಸಲವೂ ಬಯಾಸ್ (ಪಿಸಿ ಎದ್ದ ಕೂಡಲೇ ಓಡುವ ಮದರ್‌ಬೋರ್ಡಿನ ತಂತ್ರಾಂಶ) ತನ್ನ ಸೆಟ್ಟಿಂಗ್ ಮರೆತು, ಎಫ್1 ಒತ್ತಿ ಎಂದು ಪರದೆಯಲ್ಲಿ ಬರೆದು ಕಾಯುತ್ತದೆ. ಮಾನಿಟರ್ ಇಲ್ಲದ ಪಿಸಿಯಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಹೊರಗಿನಿಂದ ನೋಡಿದರೆ ಫ್ಯಾನ್ ತಿರುಗುತ್ತಿದೆ, ದೀಪ ಉರಿಯುತ್ತಿದೆ, ಫೋನಿಗೆ ಮಾತ್ರ ಸಿಗುತ್ತಿಲ್ಲ. 40 ರೂಪಾಯಿಯ ಈ ಬ್ಯಾಟರಿಗೆ ಇಡೀ ಕೆಲಸ ನೇತಾಡುತ್ತದೆ.

ಬಯಾಸ್‌ನಲ್ಲಿ ಮೂರು ಬದಲಾವಣೆ. ರಿಸ್ಟೋರ್ ಆನ್ ಎಸಿ ಪವರ್ ಲಾಸ್ ಎಂಬುದನ್ನು ಪವರ್ ಆನ್ ಮಾಡಿ. ಲಾಸ್ಟ್ ಸ್ಟೇಟ್ ಆರಿಸಬೇಡಿ, ಕೆಲವು ಬೋರ್ಡ್‌ಗಳು ಅದನ್ನು ತಮಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತವೆ. ಹಾಲ್ಟ್ ಆನ್ ಇದ್ದರೆ ನೋ ಎರರ್ಸ್ ಮಾಡಿ. ಇಲ್ಲದಿದ್ದರೆ ಕೀಬೋರ್ಡ್ ಇಲ್ಲ ಎಂದು ನಿಂತುಬಿಡುತ್ತದೆ. ಮೂರನೆಯದು ಇಆರ್‌ಪಿ (ಆಫ್ ಆದ ಪಿಸಿಯ ಕರೆಂಟ್ ಉಳಿಸುವ ಆಯ್ಕೆ), ಅದನ್ನು ಆಫ್ ಮಾಡಿ. ಕಾರಣ ಕೊನೆಯ ಹಂತದಲ್ಲಿದೆ. ಸೇವ್ ಮಾಡಿದ ಮೇಲೆ ಪಿಸಿ ಓಡುತ್ತಿರುವಾಗಲೇ ಗೋಡೆಯ ಸ್ವಿಚ್ ಆರಿಸಿ, ಹತ್ತು ಸೆಕೆಂಡ್ ಬಿಟ್ಟು ಹಾಕಿ. ಗುಂಡಿ ಮುಟ್ಟದೆ ಎದ್ದರೆ ಮುಂದಕ್ಕೆ ಹೋಗಿ. ಆಪರೇಟಿಂಗ್ ಸಿಸ್ಟಮ್ ಹಾಕುವ ಮೊದಲೇ ಈ ಪರೀಕ್ಷೆ ಮುಗಿಸಿದರೆ ಫೈಲ್ ಹಾಳಾಗುವ ಭಯವಿಲ್ಲ.

ಮನೆಗೆ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ನಾರ್ಮಲ್ ಮೋಡ್‌ನಲ್ಲಿ ಬದಲಾಗಲು ಹೆಚ್ಚು ಹೊತ್ತು ಬೇಕು, ಪಿಸಿ ಅಷ್ಟು ತಡೆಯದೆ ರೀಬೂಟ್ ಆಗುತ್ತದೆ.

ಹಂತ 2: ಡೆಬಿಯನ್ ಮತ್ತು ಹಾಡಿನ ಡಿಸ್ಕ್

ಎಸ್‌ಎಸ್‌ಡಿಗೆ ಡೆಬಿಯನ್, ಅಂದರೆ ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಸಾಫ್ಟ್‌ವೇರ್ ಆರಿಸುವ ಪರದೆಯಲ್ಲಿ ಡೆಸ್ಕ್‌ಟಾಪ್‌ನ ಟಿಕ್ ತೆಗೆದು, ಎಸ್‌ಎಸ್‌ಎಚ್ ಸರ್ವರ್ (ಬೇರೆ ಯಂತ್ರದಿಂದ ಈ ಪಿಸಿಗೆ ಆಜ್ಞೆ ಕೊಡಲು) ಮತ್ತು ಸ್ಟ್ಯಾಂಡರ್ಡ್ ಯುಟಿಲಿಟೀಸ್ ಎರಡನ್ನೇ ಇಟ್ಟುಕೊಳ್ಳಿ. ಡೆಸ್ಕ್‌ಟಾಪ್ ಇದ್ದರೆ ಪೈಪ್‌ವೈರ್ (ಡೆಸ್ಕ್‌ಟಾಪಿನ ಸದ್ದು ನೋಡಿಕೊಳ್ಳುವ ಸೇವೆ) ಸೌಂಡ್ ಕಾರ್ಡನ್ನು ಹಿಡಿದುಕೊಳ್ಳುತ್ತದೆ. ಎಂಪಿಡಿ ಕೇಳಿದಾಗ ಡಿವೈಸ್ ಆರ್ ರಿಸೋರ್ಸ್ ಬ್ಯುಸಿ ಎಂಬ ಉತ್ತರ ಲಾಗ್‌ನಲ್ಲಿ ಬರುತ್ತದೆ.

ಹಾಡಿನ ಡಿಸ್ಕ್ ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿತ್ತು. ಅದನ್ನು ಹಾಗೇ ಇಟ್ಟು ನೋಡಿದ್ದು ನಿಲ್ಲಲಿಲ್ಲ: ಕರೆಂಟ್ ಹೋದಾಗ ಡಿಸ್ಕ್ ಮೇಲೆ ಡರ್ಟಿ ಎಂಬ ಗುರುತು ಉಳಿದು, ಮುಂದಿನ ಸಲ ಮೌಂಟ್ ಆಗಲು (ಒಂದು ಫೋಲ್ಡರಾಗಿ ಪಿಸಿಗೆ ಸೇರಿಕೊಳ್ಳಲು) ತಕರಾರು ಮಾಡುತ್ತದೆ. ಹಾಡುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಇದನ್ನು ಲಿನಕ್ಸ್‌ನ ಎಕ್ಸ್ಟ್4 ಮಾಡಿ, ಮತ್ತೆ ತುಂಬಿದ್ದು. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಯುಯುಐಡಿ (ಡಿಸ್ಕಿನ ಬದಲಾಗದ ಗುರುತು; ಈ ಪದ ದೊಡ್ಡಕ್ಷರದಲ್ಲಿ, UUID) ಹಿಡಿದು ಬರೆಯಿರಿ, ಡಿಸ್ಕಿನ ಅಕ್ಷರ ಹಿಡಿದು ಬೇಡ. ಯುಎಸ್‌ಬಿ ಪೆನ್‌ಡ್ರೈವ್ ಚುಚ್ಚಿದರೆ ಅಕ್ಷರ ಬದಲಾಗುತ್ತದೆ. ಆಯ್ಕೆಗಳು: ಆರ್‌ಒ, ನೋಎಟೈಮ್, ನೋಫೇಲ್. ಆರ್‌ಒ ಅಂದರೆ ಓದಲು ಮಾತ್ರ. ಬರೆಯುವುದೇ ಇಲ್ಲದ ಡಿಸ್ಕ್ ಕರೆಂಟ್ ಹೋದರೂ ಕೆಡುವುದು ಅಪರೂಪ. ಹೊಸ ಹಾಡು ಸೇರಿಸುವಾಗ ಮಾತ್ರ ಬರೆಯುವಂತೆ ರೀಮೌಂಟ್ ಮಾಡಿ, ಮುಗಿದ ಮೇಲೆ ಮತ್ತೆ ಆರ್‌ಒ. ನೋಫೇಲ್ ಇಲ್ಲದಿದ್ದರೆ ಡಿಸ್ಕ್ ಕೈಕೊಟ್ಟ ದಿನ ಇಡೀ ಪಿಸಿ ಬೂಟ್ ಆಗದೆ ನಡುವೆ ನಿಲ್ಲುತ್ತದೆ.

ಮೌಂಟ್ ಮಾಡುವ ಜಾಗ ಎಸ್‌ಆರ್‌ವಿ ಫೋಲ್ಡರಿನ ಒಳಗೆ ಇರಲಿ. ಹೋಮ್ ಫೋಲ್ಡರಿನ ಒಳಗೆ ಇಟ್ಟರೆ ಎಂಪಿಡಿಗೆ ಹಾಡೇ ಕಾಣುವುದಿಲ್ಲ. ಅದು ಎಂಪಿಡಿ ಎಂಬ ಬೇರೆ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ, ಹೊಸ ಡೆಬಿಯನ್‌ನಲ್ಲಿ ಹೋಮ್ ಫೋಲ್ಡರ್ 700 ಅನುಮತಿಯಲ್ಲಿರುತ್ತದೆ, ಅಂದರೆ ಅದರ ಒಡೆಯನಿಗೆ ಮಾತ್ರ. ಹಾಡನ್ನು ಎಲ್ಲರೂ ಓದುವಂತೆ ಫೋಲ್ಡರುಗಳಿಗೆ 755, ಫೈಲುಗಳಿಗೆ 644.

ಒಂದು ಅಪಾಯ ಇಲ್ಲಿ ಅಡಗಿದೆ. ಡಿಸ್ಕ್ ಮೌಂಟ್ ಆಗದ ದಿನ ಯಾರಾದರೂ ಫೋನಿನಿಂದ ಅಪ್‌ಡೇಟ್ ಒತ್ತಿದರೆ, ಎಂಪಿಡಿಗೆ ಕಾಣುವುದು ಖಾಲಿ ಫೋಲ್ಡರ್. ಹಾಡೆಲ್ಲ ಅಳಿಸಿದ್ದಾರೆಂದು ತಿಳಿದು ತನ್ನ ಪಟ್ಟಿಯನ್ನೂ ಸರದಿಯನ್ನೂ ಬರಿದು ಮಾಡುತ್ತದೆ. ಸಿಸ್ಟಮ್‌ಡಿಯಲ್ಲಿ (ಪಿಸಿ ಏಳುವಾಗ ಸರ್ವಿಸ್‌ಗಳನ್ನು ಎಬ್ಬಿಸುವ ಭಾಗ) ಎಂಪಿಡಿ ಸರ್ವಿಸ್‌ಗೆ ರಿಕ್ವೈರ್ಸ್ ಮೌಂಟ್ಸ್ ಫಾರ್ (ಕೂಡಿಸಿ, ಹೀಗೇ ಬರೆಯಬೇಕು: RequiresMountsFor) ಎಂಬ ಸಾಲು ಸೇರಿಸಿ ಹಾಡಿನ ಫೋಲ್ಡರಿನ ದಾರಿ ಕೊಟ್ಟರೆ, ಡಿಸ್ಕ್ ಇಲ್ಲದೆ ಎಂಪಿಡಿ ಏಳುವುದೇ ಇಲ್ಲ. ಆಗ ಫೋನಿನಲ್ಲಿ ಸಂಪರ್ಕ ಇಲ್ಲ ಎಂದು ಬರುತ್ತದೆ. ದೋಷ ಎಲ್ಲಿದೆ ಎಂದು ಹುಡುಕಲು ಅದೇ ವಾಸಿ.

ಹಂತ 3: ಸದ್ದು ಹೊರಬರುವ ದಾರಿ

ಎಪ್ಲೇ ಆಜ್ಞೆಗೆ ಸಣ್ಣ ಎಲ್ ಆಯ್ಕೆ ಕೊಟ್ಟರೆ ಕಾರ್ಡುಗಳು ಸಂಖ್ಯೆಯೊಂದಿಗೆ ಬರುತ್ತವೆ, ದೊಡ್ಡ ಎಲ್ ಕೊಟ್ಟರೆ ಹೆಸರಿನೊಂದಿಗೆ. ಸಂಖ್ಯೆಯನ್ನು ನಂಬಬೇಡಿ. ಮದರ್‌ಬೋರ್ಡಿನ ಕಾರ್ಡ್ ಇವತ್ತು 0, ಯುಎಸ್‌ಬಿ ಕಾರ್ಡ್ 1. ರೀಬೂಟ್ ಆದ ಮೇಲೆ ಅದಲು ಬದಲಾಗಿ ನಡುಮನೆಯ ಹಾಡು ಜಗಲಿಯಲ್ಲಿ ಬರಬಹುದು. ಕಾನ್ಫಿಗ್‌ನಲ್ಲಿ ಕಾರ್ಡಿನ ಹೆಸರನ್ನೇ ಬರೆಯಿರಿ.

ಹೊಸ ಡೆಬಿಯನ್‌ನಲ್ಲಿ ಮದರ್‌ಬೋರ್ಡಿನ ಹಸಿರು ಜ್ಯಾಕ್ ಮ್ಯೂಟ್ ಆಗಿರುವುದುಂಟು. ಆಲ್ಸಾಮಿಕ್ಸರ್ ತೆರೆದು ಮಾಸ್ಟರ್, ಫ್ರಂಟ್ ಕಂಬಗಳ ಕೆಳಗೆ ಎರಡು ಎಂ ಅಕ್ಷರ ಕಂಡರೆ ಎಂ ಕೀ ಒತ್ತಿ ತೆಗೆಯಿರಿ. ಆಟೋ ಮ್ಯೂಟ್ ಮೋಡ್ ಇದ್ದರೆ ಡಿಸೇಬಲ್ಡ್ ಮಾಡಿ. ಅದು ಮುಂದಿನ ಹೆಡ್‌ಫೋನ್ ಜ್ಯಾಕ್‌ಗೆ ಏನಾದರೂ ಚುಚ್ಚಿದರೆ ಹಿಂದಿನದನ್ನು ಬಾಯಿ ಮುಚ್ಚಿಸುತ್ತದೆ. ಕೊನೆಗೆ ಆಲ್ಸಾಸಿಟಿಎಲ್ ಸ್ಟೋರ್ ಕೊಟ್ಟು ಉಳಿಸಿ.

ಹಂತ 4: ಎಂಪಿಡಿ ಕಾನ್ಫಿಗ್

ಆಪ್ಟ್‌ನಿಂದ ಎಂಪಿಡಿ ಮತ್ತು ಎಂಪಿಸಿ (ಎಂಪಿಡಿಗೆ ಟೈಪ್ ಮಾಡಿ ಆಜ್ಞೆ ಕೊಡುವ ಸಾಧನ) ಎರಡನ್ನೂ ಹಾಕಿ. ಕಾನ್ಫಿಗ್ ಫೈಲ್ ಇಟಿಸಿ ಫೋಲ್ಡರಿನಲ್ಲಿ ಎಂಪಿಡಿ.ಕಾನ್ಫ್ ಹೆಸರಿನಲ್ಲಿರುತ್ತದೆ. ಮ್ಯೂಸಿಕ್_ಡೈರೆಕ್ಟರಿಗೆ ಹಾಡಿನ ಫೋಲ್ಡರ್ ಕೊಡಿ. ಆಡಿಯೋ_ಔಟ್‌ಪುಟ್ ಎಂಬ ಕಟ್ಟನ್ನು ಎರಡು ಸಲ ಬರೆಯಿರಿ: ಒಂದಕ್ಕೆ ನಡುಮನೆ, ಇನ್ನೊಂದಕ್ಕೆ ಜಗಲಿ ಎಂದು ಹೆಸರು. ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ಫೋನಿನಲ್ಲಿ ಹಾಗೇ ಕಾಣುತ್ತದೆ. ಎರಡಕ್ಕೂ ಟೈಪ್ ಆಲ್ಸಾ, ಮಿಕ್ಸರ್_ಟೈಪ್ ಸಾಫ್ಟ್‌ವೇರ್. ಅಗ್ಗದ ಯುಎಸ್‌ಬಿ ಕಾರ್ಡಿನಲ್ಲಿ ಹಾರ್ಡ್‌ವೇರ್ ಮಿಕ್ಸರ್ ಸರಿಯಾಗಿ ಸಿಗುವುದಿಲ್ಲ.

ಫೋನಿನ ವಾಲ್ಯೂಮ್ ಪಟ್ಟಿ ಎರಡು ಔಟ್‌ಪುಟ್‌ಗಳನ್ನೂ ಒಟ್ಟಿಗೆ ಏರಿಸಿ ಇಳಿಸುತ್ತದೆ. ನಡುಮನೆಗೂ ಜಗಲಿಗೂ ಇರಬೇಕಾದ ಅಂತರವನ್ನು ಆಂಪ್‌ನ ತಿರುಗುಗುಂಡಿಯಲ್ಲೇ ಕೂರಿಸಿ. ಫೋನಿನಲ್ಲಿ 100 ಇಟ್ಟು ಹಾಡು ಹಾಕಿ, ಆಂಪ್‌ನ ಗುಂಡಿಯನ್ನು ಮನೆ ತಡೆಯುವಷ್ಟಕ್ಕೆ ನಿಲ್ಲಿಸಿ, ಮತ್ತೆ ಅದನ್ನು ಮುಟ್ಟಬೇಡಿ. ಆಮೇಲೆ ಮಕ್ಕಳು ಫೋನಿನಲ್ಲಿ ಪಟ್ಟಿಯನ್ನು ತುದಿಗೆ ಎಳೆದರೂ ಸ್ಪೀಕರ್ ಹರಿಯುವುದಿಲ್ಲ.

ರಿಸ್ಟೋರ್_ಪಾಸ್ಡ್ (restore_paused) ಎಂಬುದಕ್ಕೆ ಯೆಸ್ (yes) ಎಂದು ಕೊಡುವುದನ್ನು ಮರೆಯಲೇಬಾರದು. ಇದಿಲ್ಲದಿದ್ದರೆ, ಹಾಡು ಓಡುವಾಗ ಹೋದ ಕರೆಂಟ್ ರಾತ್ರಿ 3 ಗಂಟೆಗೆ ಬಂದಾಗ ಪಿಸಿ ಎದ್ದು ಬಿಟ್ಟಲ್ಲಿಂದ ಹಾಡಲು ಶುರುಮಾಡುತ್ತದೆ. ಕೊಟ್ಟರೆ ಹಾಡು ಅದೇ ಜಾಗದಲ್ಲಿ ನಿಂತು ಕಾಯುತ್ತದೆ. ಸ್ಟೇಟ್ ಫೈಲ್ ಬರೆಯುವುದು 120 ಸೆಕೆಂಡಿಗೊಮ್ಮೆ, ಹಾಗಾಗಿ ಎರಡು ನಿಮಿಷದಷ್ಟು ಹಿಂದಿನಿಂದ ಶುರುವಾಗಬಹುದು. ಅದು ತೊಂದರೆಯಲ್ಲ.

ಕ್ಯಾಸೆಟ್ಟಿನಿಂದ ಇಳಿಸಿದ ಹಾಡು ಮೆಲ್ಲಗೆ, ಹೊಸ ಹಾಡು ಜೋರಾಗಿ ಬರುತ್ತದೆ. ಫೈಲುಗಳಿಗೆ ರೀಪ್ಲೇಗೇನ್ ಟ್ಯಾಗ್ (ಹಾಡು ಎಷ್ಟು ಜೋರು ಎಂದು ಫೈಲಿನೊಳಗೆ ಬರೆದಿಡುವ ಗುರುತು) ಬರೆಸಿ, ಕಾನ್ಫಿಗ್‌ನಲ್ಲಿ ರೀಪ್ಲೇಗೇನ್ ಎಂಬುದಕ್ಕೆ ಟ್ರ್ಯಾಕ್ ಕೊಟ್ಟರೆ ಸಮವಾಗುತ್ತದೆ.

ಹಂತ 5: ನೆಟ್‌ವರ್ಕ್. ಹೆಚ್ಚು ಹೊತ್ತು ತಿಂದದ್ದು ಇದೇ

ಎಂಪಿಡಿ ಕೇಳುವ ಪೋರ್ಟ್ 6600. ಡೆಬಿಯನ್‌ನ ಕಾನ್ಫಿಗ್‌ನಲ್ಲಿ ಬೈಂಡ್_ಟು_ಅಡ್ರೆಸ್ ಲೋಕಲ್‌ಹೋಸ್ಟ್ ಎಂದಿರುತ್ತದೆ, ಅಂದರೆ ಅದೇ ಪಿಸಿಯ ಒಳಗಿನಿಂದ ಮಾತ್ರ. ಅದನ್ನು ಬದಲಿಸಿದರೂ ಕೆಲವೊಮ್ಮೆ ಏನೂ ಬದಲಾಗದಂತೆ ಕಾಣುತ್ತದೆ. ಕಾರಣ, ಎಂಪಿಡಿ.ಸಾಕೆಟ್ ಎಂಬ ಇನ್ನೊಂದು ಸಿಸ್ಟಮ್‌ಡಿ ಘಟಕ ಮೊದಲೇ ಪೋರ್ಟ್ ತೆರೆದು ಕೊಟ್ಟಿರುತ್ತದೆ. ಅದು ಇದ್ದಾಗ ಕಾನ್ಫಿಗ್‌ನ ಆ ಸಾಲಿಗೆ ಬೆಲೆಯಿಲ್ಲ. ಎರಡು ಕಡೆ ಹಿಡಿತ ಬೇಡ. ಎಂಪಿಡಿ.ಸಾಕೆಟ್ ಅನ್ನು ಡಿಸೇಬಲ್ ಮಾಡಿ, ಎಂಪಿಡಿ ಸರ್ವಿಸ್ ಎನೇಬಲ್ ಮಾಡಿ, ಸಾಲಿನಲ್ಲಿ ಎನಿ ಎಂದು ಬರೆಯಿರಿ.

ಅಲ್ಲಿ ಪಿಸಿಯ ಐಪಿ ವಿಳಾಸವನ್ನೇ ಬರೆದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದಾಯಿತು. ಎಲ್ಲ ಸರಿ ಓಡುತ್ತದೆ, ಕರೆಂಟ್ ಹೋಗಿ ಬರುವ ತನಕ. ಎಸ್‌ಎಸ್‌ಡಿ ಇರುವ ಪಿಸಿ ಅರ್ಧ ನಿಮಿಷದಲ್ಲಿ ಏಳುತ್ತದೆ, ರೂಟರ್ ಎದ್ದು ವಿಳಾಸ ಹಂಚಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಎಂಪಿಡಿ ಶುರುವಾಗುವಾಗ ಆ ಐಪಿ ಪಿಸಿಗೆ ಇನ್ನೂ ಸಿಕ್ಕಿರುವುದಿಲ್ಲ. ಬೈಂಡ್ ಆಗಲಿಲ್ಲ ಎಂದು ಲಾಗ್‌ನಲ್ಲಿ ಬರೆದು ಸತ್ತುಹೋಗುತ್ತದೆ. ಇದೇ ಕಾರಣಕ್ಕೆ ವಿಳಾಸವನ್ನು ರೂಟರಿನಿಂದ ಪಡೆಯುವುದನ್ನೂ ಬಿಟ್ಟು, ಪಿಸಿಯಲ್ಲೇ 192.168.1.50 ಎಂದು ಸ್ಥಿರವಾಗಿ ಬರೆದಿದ್ದು. ರೂಟರ್ ತಾನೇ ವಿಳಾಸ ಕೊಡುವ ಡಿಎಚ್‌ಸಿಪಿ ಹಂಚಿಕೆಯನ್ನು 100ರಿಂದ 200ಕ್ಕೆ ಸೀಮಿತಗೊಳಿಸಿದರೆ 50 ಬೇರೆ ಯಾರಿಗೂ ಹೋಗುವುದಿಲ್ಲ. ಪಿಸಿಗೆ ವೈಫೈ ಬೇಡ, ಕ್ಯಾಟ್6 ಕೇಬಲ್ ಎಳೆಯಿರಿ.

ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಹಾಕಿದ್ದರೆ 192.168.1.0/24ರಿಂದ, ಅಂದರೆ ಮನೆಯ ನೆಟ್‌ವರ್ಕಿನಿಂದ, ಬರುವ 6600 ಟಿಸಿಪಿಗೆ ಮಾತ್ರ ಬಿಡಿ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ 6600 ಅನ್ನು ಹೊರಜಗತ್ತಿಗೆ ತೆರೆಯಲೇಬೇಡಿ. ಎಂಪಿಡಿ ಪಾಸ್‌ವರ್ಡ್ ಅನ್ನು ಬಚ್ಚಿಡದೆ ಹಾಗೇ ಕಳಿಸುತ್ತದೆ.

ಇನ್ನು ಫೋನಿಗೆ ಪಿಸಿ ಸಿಗದಿದ್ದರೆ ನೋಡಬೇಕಾದದ್ದು. ಮೊದಲು ಪಿಸಿಯಲ್ಲೇ ಎಂಪಿಸಿ ಸ್ಟೇಟಸ್ ಕೊಡಿ. ಉತ್ತರ ಬಂದರೆ ಎಂಪಿಡಿ ಸರಿ ಇದೆ. ಆಮೇಲೆ ಫೋನಿನ ವೈಫೈ ವಿವರದಲ್ಲಿ ಅದರ ಐಪಿ ನೋಡಿ. ಪಿಸಿ 192.168.1ರಲ್ಲಿದ್ದು ಫೋನ್ 192.168.0ರಲ್ಲಿದ್ದರೆ ಮನೆಯಲ್ಲಿ ಎರಡು ರೂಟರ್ ಒಂದರ ಹಿಂದೆ ಒಂದು ಕೂತಿವೆ: ಫೈಬರ್‌ನವರು ಕೊಟ್ಟ ಪೆಟ್ಟಿಗೆ ಒಂದು, ಜಗಲಿ ತನಕ ಸಿಗ್ನಲ್ ಬರಲೆಂದು ತಂದ ರೂಟರ್ ಇನ್ನೊಂದು. ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ, ಅದರ ಸ್ವಂತ ವಿಳಾಸವನ್ನು 192.168.1.2 ಮಾಡಿ, ಕೇಬಲನ್ನು ವ್ಯಾನ್ ತೂತಿನಿಂದ ಕಿತ್ತು ಲ್ಯಾನ್ ತೂತಿಗೆ ಚುಚ್ಚಿ.

ಐಪಿ ಒಂದೇ ಸರಣಿಯಲ್ಲಿದ್ದೂ ಸಿಗದಿದ್ದರೆ ಫೋನ್ ಗೆಸ್ಟ್ ವೈಫೈಯಲ್ಲಿರಬಹುದು, ಇಲ್ಲವೇ ರೂಟರಿನಲ್ಲಿ ಎಪಿ ಐಸೋಲೇಷನ್ ಆನ್ ಆಗಿರಬಹುದು. ಎರಡೂ ಇಂಟರ್ನೆಟ್ ಕೊಡುತ್ತವೆ, ಮನೆಯೊಳಗಿನ ಯಂತ್ರಗಳ ಮಾತು ಮಾತ್ರ ತಡೆಯುತ್ತವೆ.

ಇಲ್ಲಿನ ಮಳೆಗಾಲಕ್ಕೇ ವಿಶೇಷವಾದದ್ದು ಇನ್ನೊಂದಿದೆ. ಮರ ಬಿದ್ದು ಫೈಬರ್ ಕಡಿದಾಗ ವೈಫೈ ಇರುತ್ತದೆ, ಇಂಟರ್ನೆಟ್ ಇರುವುದಿಲ್ಲ. ಆಗ ಆಂಡ್ರಾಯ್ಡ್ ಫೋನ್ ತಾನಾಗಿ ಮೊಬೈಲ್ ಡೇಟಾಗೆ ಹಾರುತ್ತದೆ. ಮೇಲೆ ವೈಫೈ ಗುರುತು ಕಾಣುತ್ತಿದ್ದರೂ 192.168.1.50 ಸಿಗುವುದಿಲ್ಲ. ಹಾಡು ಮನೆಯ ಡಿಸ್ಕಿನಲ್ಲೇ ಇದೆ, ಇಂಟರ್ನೆಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ, ಆದರೂ ಹಾಡು ಬದಲಿಸಲಾಗದು. ಫೋನಿನ ವೈಫೈ ಸೆಟ್ಟಿಂಗಿನಲ್ಲಿ ಮೊಬೈಲ್ ಡೇಟಾಗೆ ತಾನೇ ಬದಲಾಗುವ ಆಯ್ಕೆಯನ್ನು ಆಫ್ ಮಾಡಿ. ಇಂಟರ್ನೆಟ್ ಇಲ್ಲ, ಈ ವೈಫೈಯಲ್ಲೇ ಇರಬೇಕೇ ಎಂದು ಕೇಳಿದಾಗ ಹೌದು ಎಂದು, ಮತ್ತೆ ಕೇಳಬೇಡ ಎಂಬುದಕ್ಕೂ ಟಿಕ್ ಹಾಕಿ. ಆ ಗಳಿಗೆಗೆ ಮೊಬೈಲ್ ಡೇಟಾ ಆಫ್ ಮಾಡಿದರೂ ಸಾಕು.

ಮಣ್ಣಿನ ದಪ್ಪ ಗೋಡೆಗೆ 5 ಗಿಗಾಹರ್ಟ್ಸ್ ವೈಫೈ ಸೋಲುತ್ತದೆ. ಕಣದ ತುದಿಗೆ ತಲುಪಿದ್ದು 2.4 ಗಿಗಾಹರ್ಟ್ಸ್. ರಿಮೋಟ್ ಮಾತಿಗೆ ವೇಗ ಬೇಕಿಲ್ಲ, ಕಳಿಸುವುದು ಕೆಲವೇ ಅಕ್ಷರ. ಆದ್ದರಿಂದ ಫೋನ್‌ಗಳನ್ನು 2.4ರ ಹೆಸರಿಗೇ ಜೋಡಿಸಿಡಿ.

ಹಂತ 6: ಫೋನ್

ಆಂಡ್ರಾಯ್ಡ್‌ಗೆ ಹಾಕಿದ್ದು ಎಂ.ಎ.ಎಲ್.ಪಿ. ಎಂಬ ಆಪ್. ಎಫ್-ಡ್ರಾಯ್ಡ್ ಎಂಬ ಆಪ್ ಅಂಗಡಿಯಲ್ಲಿ ಸಿಗುತ್ತದೆ, ಹಣವಿಲ್ಲ. ಹಳೆಯ ಲೇಖನಗಳು ಹೇಳುವ ಎಂಪಿಡ್ರಾಯ್ಡ್ ಈಗ ನಿರ್ವಹಣೆಯಲ್ಲಿಲ್ಲ. ಹೊಸ ಪ್ರೊಫೈಲ್ ಮಾಡಿ, ಹೋಸ್ಟ್ ಎಂಬಲ್ಲಿ 192.168.1.50, ಪೋರ್ಟ್ 6600. ಅಷ್ಟೇ.

ನೋಟಿಫಿಕೇಷನ್ ಪಟ್ಟಿಯಲ್ಲಿ ಗುಂಡಿಗಳು ಬರುವ ಆಯ್ಕೆ ಆನ್ ಮಾಡಿ. ಸ್ವಲ್ಪ ಹೊತ್ತಿಗೆ ಅವು ಮಾಯವಾದರೆ ಫೋನಿನ ಬ್ಯಾಟರಿ ಉಳಿತಾಯ ಆಪ್ ಅನ್ನು ಕೊಂದಿದೆ. ಬ್ಯಾಟರಿ ಸೆಟ್ಟಿಂಗಿನಲ್ಲಿ ಈ ಆಪ್‌ಗೆ ಅನ್‌ರಿಸ್ಟ್ರಿಕ್ಟೆಡ್ ಕೊಡಿ. ಔಟ್‌ಪುಟ್ಸ್ ಎಂಬಲ್ಲಿ ನಡುಮನೆ, ಜಗಲಿ ಎರಡಕ್ಕೂ ಟಿಕ್ ಇರುತ್ತದೆ, ಬೇಡದ್ದನ್ನು ತೆಗೆಯಬಹುದು. ರಾತ್ರಿ ಜಗಲಿಯನ್ನು ಆಫ್ ಮಾಡಿ ಒಳಗೆ ಮಾತ್ರ ಹಾಡು ಇಡಲು ಇದು ಬಹಳ ಅನುಕೂಲ.

ಮಕ್ಕಳ ಫೋನಿಗೆ ಕಡಿಮೆ ಅಧಿಕಾರ ಕೊಡಲು ಡಿಫಾಲ್ಟ್_ಪರ್ಮಿಷನ್ಸ್ ಸಾಲಿನಿಂದ ಅಡ್ಮಿನ್ ತೆಗೆದು ನೋಡಿದ್ದು. ಹಾಡು ಬದಲಾಯಿತು, ಆದರೆ ಜಗಲಿ ಆನ್-ಆಫ್ ಆಗುವುದು ನಿಂತಿತು. ಔಟ್‌ಪುಟ್ ಬದಲಿಸಲು ಎಂಪಿಡಿ ಅಡ್ಮಿನ್ ಅನುಮತಿಯನ್ನೇ ಕೇಳುತ್ತದೆ. ಕೊನೆಗೆ ಎಲ್ಲರಿಗೂ ಪೂರ್ತಿ ಬಿಟ್ಟು, ನೆಂಟರನ್ನು ಗೆಸ್ಟ್ ವೈಫೈಯಲ್ಲಿ ಇಟ್ಟಿದ್ದು.

ಹಂತ 7: ಹಾಡಿನ ಹೆಸರು

ಫೋನಿನಲ್ಲಿ ಹುಡುಕುವುದು ಟ್ಯಾಗ್ (ಫೈಲಿನೊಳಗೆ ಬರೆದಿರುವ ಹಾಡು, ಗಾಯಕರ ಹೆಸರು) ಹಿಡಿದು, ಫೈಲಿನ ಹೆಸರು ಹಿಡಿದಲ್ಲ. ಕಾಳಿಂಗರಾಯರ ಹೆಸರು ಇನಿಷಿಯಲ್ ಇದ್ದು, ಇಲ್ಲದೆ, ರಾವ್ ಬಿಡಿಸಿ, ಕೂಡಿಸಿ, ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೀಗೆ ಬೇರೆ ಬೇರೆ ಇದ್ದರೆ ಫೋನಿನಲ್ಲಿ ಅಷ್ಟೂ ಮಂದಿ ಗಾಯಕರು. ಕಿಡ್3 ಎಂಬ ತಂತ್ರಾಂಶದಲ್ಲಿ ಒಂದೊಂದು ಫೋಲ್ಡರ್ ತೆರೆದು ಒಂದೇ ರೂಪಕ್ಕೆ ತಂದಿದ್ದು. ಬೇರೆ ಬೇರೆಯವರು ಹಾಡಿದ ಸಂಕಲನಕ್ಕೆ ಆಲ್ಬಮ್ ಆರ್ಟಿಸ್ಟ್ ಎಂಬ ಜಾಗವನ್ನು ಒಂದೇ ಹೆಸರಿನಿಂದ ತುಂಬಿ, ಇಲ್ಲದಿದ್ದರೆ ಆಲ್ಬಮ್ ಚೂರುಚೂರಾಗುತ್ತದೆ.

ಕನ್ನಡದ ಬದಲು ಪ್ರಶ್ನೆಚಿಹ್ನೆ, ಚಿತ್ರವಿಚಿತ್ರ ಅಕ್ಷರ ಬಂದರೆ ಫೈಲಿನಲ್ಲಿ ಹಳೆಯ ಐಡಿ3ವಿ1 ಟ್ಯಾಗ್ ಉಳಿದಿರಬಹುದು. ಅದರಲ್ಲಿ ಹೆಸರಿಗೆ 30 ಬೈಟ್ ಮಾತ್ರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ 3 ಬೈಟ್ ಬೇಕು. ವಿ1 ಅಳಿಸಿ, ವಿ2ನಲ್ಲಿ ಯೂನಿಕೋಡ್ ಆಗಿ ಬರೆಯಿರಿ.

ಟ್ಯಾಗ್ ತಿದ್ದಿದರೂ ಫೋನಿನಲ್ಲಿ ಹಳೆಯ ಹೆಸರೇ ಬರುತ್ತಿದ್ದರೆ, ತಿದ್ದುವ ತಂತ್ರಾಂಶದಲ್ಲಿ ಫೈಲಿನ ಸಮಯ ಹಾಗೇ ಉಳಿಸುವ ಆಯ್ಕೆ ಆನ್ ಆಗಿರಬಹುದು. ಎಂಪಿಡಿಯ ಅಪ್‌ಡೇಟ್ ಸಮಯ ಬದಲಾದ ಫೈಲನ್ನು ಮಾತ್ರ ಓದುತ್ತದೆ. ಎಂಪಿಸಿ ರೀಸ್ಕ್ಯಾನ್ ಕೊಟ್ಟರೆ ಎಲ್ಲವನ್ನೂ ಮತ್ತೆ ಓದುತ್ತದೆ.

ಹಂತ 8: ಗುಂಯ್ ಶಬ್ದ ಮತ್ತು ಜಗಲಿಯ ವೈರ್

ಹಾಡಿಲ್ಲದಾಗ ನಡುಮನೆಯ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು. ಆರ್‌ಸಿಎ ಪಿನ್ ಕಿತ್ತರೆ ನಿಂತಿತು, ಹಾಗಾಗಿ ಆಂಪ್‌ನದ್ದಲ್ಲ, ಗ್ರೌಂಡ್ ಲೂಪ್, ಅಂದರೆ ಎರಡು ಯಂತ್ರಗಳ ಅರ್ಥ್ ನಡುವೆ ಸುತ್ತುವ ಕರೆಂಟಿನ ಸದ್ದು. ಪಿಸಿ ಒಂದು ಪ್ಲಗ್, ಆಂಪ್ ಇನ್ನೊಂದು ಗೋಡೆಯ ಪ್ಲಗ್. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದಾಗ ಬಹುಪಾಲು ಇಳಿಯಿತು, ಉಳಿದದ್ದಕ್ಕೆ ಐಸೋಲೇಟರ್ ನಡುವೆ ಹಾಕಿದ್ದು. ಸದ್ದು ಹೋಗುತ್ತದೆಂದು ಅರ್ಥ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಮಾಡಬೇಡಿ, ತೇವದ ಗೋಡೆಯ ಮನೆಯಲ್ಲಿ ಜೀವ ಉಳಿಸುವುದು ಆ ಪಿನ್.

ಜಗಲಿಗೆ ಮೊದಲು 15 ಮೀಟರ್ ಉದ್ದದ 3.5 ಎಂಎಂ ಕೇಬಲ್ ಎಳೆದು ಅಲ್ಲಿ ಆಂಪ್ ಇಡುವ ಯೋಚನೆ ಇತ್ತು. ಅಷ್ಟು ಉದ್ದದ ತೆಳು ಕೇಬಲ್ ದಾರಿಯಲ್ಲಿನ ಕರೆಂಟ್ ವೈರುಗಳ ಸದ್ದನ್ನೆಲ್ಲ ಹೀರುತ್ತದೆ. ಆಂಪ್ ಅನ್ನು ಪಿಸಿಯ ಪಕ್ಕದಲ್ಲೇ ಇಟ್ಟು, ಸ್ಪೀಕರ್ ವೈರನ್ನು ಉದ್ದ ಎಳೆಯುವುದೇ ಸರಿ. 1.5 ಚದರ ಎಂಎಂ ತಾಮ್ರದ ವೈರಿನಲ್ಲಿ 15 ಮೀಟರ್ ಹೋಗಿ ಬರುವ ದಾರಿಗೆ ಸುಮಾರು 0.35 ಓಮ್, 8 ಓಮ್ ಸ್ಪೀಕರಿಗೆ ತಡೆಯುತ್ತದೆ. 0.5 ಚದರ ಎಂಎಂ ಹಾಕಿದರೆ ಅದು 1 ಓಮ್ ದಾಟುತ್ತದೆ. ಅಟ್ಟದ ಮೇಲೆ ಹೋಗುವ ವೈರನ್ನು ಪಿವಿಸಿ ಪೈಪಿನೊಳಗೆ ಹಾಕಿ, ಇಲಿ ಬಿಡುವುದಿಲ್ಲ.

ನಡುಮನೆ, ಜಗಲಿ ಎರಡೂ ಒಟ್ಟಿಗೆ ಹಾಡುವಾಗ ಬಾಗಿಲಲ್ಲಿ ನಿಂತರೆ ಸಣ್ಣ ಮಾರ್ದನಿಯಂತೆ ಕೇಳುತ್ತದೆ. ಎರಡು ಕಾರ್ಡುಗಳ ಬಫರ್ ಬೇರೆ ಬೇರೆ. ಒಂದೇ ಕಾರ್ಡಿನಿಂದ ಎರಡೂ ಆಂಪ್‌ಗೆ ಕೊಟ್ಟರೆ ಇದು ಹೋಗುತ್ತದೆ, ಬೇರೆ ಬೇರೆ ಆರಿಸುವ ಅನುಕೂಲವೂ ಹೋಗುತ್ತದೆ. ಹಾಗೇ ಬಿಟ್ಟಿದ್ದು.

ಹಂತ 9: ಆರಿಸುವುದು, ಎಬ್ಬಿಸುವುದು

ಇಂಥ ಪಿಸಿ ಖಾಲಿ ಓಡುವಾಗ ಸುಮಾರು 35 ವ್ಯಾಟ್. ದಿನವಿಡೀ ಬಿಟ್ಟರೆ 0.84 ಯುನಿಟ್, ತಿಂಗಳಿಗೆ 25 ಯುನಿಟ್. ರಾತ್ರಿ ಸುಮ್ಮನೆ ಉರಿಸುವುದು ಬೇಡವೆಂದು ರೂಟ್‌ನ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಸೇವೆ) 10.30ಕ್ಕೆ ಒಂದು ಸಣ್ಣ ಸ್ಕ್ರಿಪ್ಟ್: ಎಂಪಿಸಿ ಸ್ಟೇಟಸ್‌ನ ಉತ್ತರದಲ್ಲಿ ಪ್ಲೇಯಿಂಗ್ ಎಂಬ ಪದ ಇಲ್ಲದಿದ್ದರೆ ಪವರ್ ಆಫ್. ಬೆಳಿಗ್ಗೆ 5.30ಕ್ಕೆ ಏಳಲು ಬಯಾಸ್‌ನ ಆರ್‌ಟಿಸಿ ಅಲಾರ್ಮ್, ಅಂದರೆ ಮದರ್‌ಬೋರ್ಡಿನ ಗಡಿಯಾರದ ಅಲಾರ್ಮ್. ಇದೂ ಆ ಸಿಆರ್2032 ಮೇಲೆಯೇ ನಿಂತಿದೆ.

ನಡುವೆ ಬೇಕೆಂದಾಗ ಎಬ್ಬಿಸಲು ವೇಕ್ ಆನ್ ಲ್ಯಾನ್, ಅಂದರೆ ನೆಟ್‌ವರ್ಕಿನಿಂದ ಕರೆದು ಪಿಸಿ ಎಬ್ಬಿಸುವುದು. ಬಯಾಸ್‌ನಲ್ಲಿ ಅದನ್ನು ಆನ್ ಮಾಡಿ, ಇಆರ್‌ಪಿ ಆಫ್ ಇರಲಿ; ಇಆರ್‌ಪಿ ಆನ್ ಇದ್ದರೆ ಆಫ್ ಆದ ಪಿಸಿಯ ಲ್ಯಾನ್ ಕಾರ್ಡಿಗೆ ಕರೆಂಟೇ ಹೋಗುವುದಿಲ್ಲ. ಈಥ್‌ಟೂಲ್‌ನಲ್ಲಿ ಡಬ್ಲ್ಯೂಒಎಲ್ ಜಿ ಕೊಟ್ಟು, ಅದನ್ನು ನೆಟ್‌ವರ್ಕ್ ಸೆಟ್ಟಿಂಗಿನ ಫೈಲಿನಲ್ಲೂ ಬರೆಯಿರಿ, ಇಲ್ಲದಿದ್ದರೆ ರೀಬೂಟ್‌ಗೆ ಅಳಿಯುತ್ತದೆ. ಫೋನಿನಲ್ಲಿ ಯಾವುದೇ ವೇಕ್ ಆನ್ ಲ್ಯಾನ್ ಆಪ್‌ಗೆ ಪಿಸಿಯ ಮ್ಯಾಕ್ ವಿಳಾಸ ಕೊಟ್ಟರಾಯಿತು.

ಸಿಡಿಲಿಗೆ ಮಾತ್ರ ಯಾವ ಸೆಟ್ಟಿಂಗೂ ಇಲ್ಲ. ಹೂಮಳೆಯ (ಕಾಫಿ ಹೂವಿಗೆ ಬರುವ ಬೇಸಿಗೆ ಮಳೆ) ದಿನಗಳ ಗುಡುಗಿಗೆ ಪಿಸಿ, ಆಂಪ್, ರೂಟರ್ ಮೂರರ ಪ್ಲಗ್ ಕೀಳಬೇಕು. ಒಳಗೆ ಬರುವ ಫೈಬರ್ ಎಳೆ ಗಾಜಿನದ್ದು, ಅದು ಕರೆಂಟ್ ಒಯ್ಯುವುದಿಲ್ಲ. ತರುವುದು ಪ್ಲಗ್ ಮತ್ತು ಉದ್ದದ ತಾಮ್ರದ ಲ್ಯಾನ್ ಕೇಬಲ್. ಕ್ಯಾಟ್6 ಅನ್ನೂ ಪಿಸಿಯಿಂದ ಬಿಡಿಸಿ.

ಇನ್ನೂ ಬಗೆಹರಿಯದ್ದು ಎರಡು. ರಾತ್ರಿ ಪಿಸಿ ಆಫ್ ಆದ ಮೇಲೆ ಕರೆಂಟ್ ಹೋಗಿ ಬಂದರೆ, ಹಂತ 1ರ ಪವರ್ ಆನ್ ಸೆಟ್ಟಿಂಗ್ ಅದನ್ನು ಮತ್ತೆ ಎಬ್ಬಿಸುತ್ತದೆ, 10.30 ದಾಟಿರುವುದರಿಂದ ಬೆಳಗಿನ ತನಕ ಉರಿಯುತ್ತದೆ. ಅದೇ ಸ್ಕ್ರಿಪ್ಟನ್ನು ರಾತ್ರಿ 11ರಿಂದ 5ರವರೆಗೆ ಗಂಟೆಗೊಮ್ಮೆ ಓಡಿಸುವುದು ಮುಂದಿನ ಕೆಲಸ. ಎರಡನೆಯದು 3.5 ಎಂಎಂ ಜ್ಯಾಕ್: ತೇವಕ್ಕೆ ಹಿತ್ತಾಳೆಯ ಮೇಲೆ ಕಿಲುಬು ಕೂತು ಒಂದು ಕಡೆಯ ಸ್ಪೀಕರ್ ಕರಕರ ಎನ್ನುತ್ತದೆ. ಸದ್ಯಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪಿನ್ನನ್ನು ಜ್ಯಾಕಿನೊಳಗೆ ಕೆಲವು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಜೂನ್‌ಗೆ ಮೊದಲು ಎರಡೂ ಕೇಬಲ್‌ಗಳನ್ನು ಚಿನ್ನದ ಲೇಪದ ಪಿನ್‌ನವಕ್ಕೆ ಬದಲಿಸಬೇಕು.